ಹೊಳೆಯಂಚಿನ 12 ಎಕರೆ

ಪ್ರಶ್ನೆ: ತೀರ್ಥಹಳ್ಳಿ ಕಡೆಯ ನಾವು ಈಗ ಶಿಕಾಗೋದಲ್ಲಿದ್ದೇವೆ. ವಿಸ್ಕಾನ್ಸಿನ್‌ನ ವರ್ನನ್ ಕೌಂಟಿಯಲ್ಲಿ, ಕಿಕಪೂ ನದಿಯ ದಂಡೆಯಲ್ಲಿ 12 ಎಕರೆ ಮಾರಾಟಕ್ಕಿದೆ. ಹಳೆಯ ಮನೆ, ಕೊಟ್ಟಿಗೆ ಇವೆ. ತರಕಾರಿ ಬೆಳೆದು, ಕೋಳಿ, ಒಂದು ಹಸು ಸಾಕಿಕೊಂಡು ಬದುಕುವ ಆಸೆ. ನೀವು ಅಲ್ಲಿಯೇ ಕೃಷಿ ಮಾಡುತ್ತಿರುವವರು. ಕೊಳ್ಳಬಹುದೇ?

ಉತ್ತರ: ಕೌಂಟಿ ಒಳ್ಳೆಯದು, ಧೈರ್ಯವಾಗಿ ಬನ್ನಿ. ಆ ಜಾಗ ಮಾತ್ರ ಬೇಡ.

ಹಿಮಯುಗದ ಹಿಮನದಿಗಳು ಈ ಸೀಮೆಯನ್ನು ಸವರಿ ಮಟ್ಟ ಮಾಡಲಿಲ್ಲ. ಆದ್ದರಿಂದಲೇ ಸುತ್ತಲಿನ ಮೆಕ್ಕೆಜೋಳದ ಬಯಲಿನ ನಡುವೆ ಇಲ್ಲಿ ಗುಡ್ಡ, ಕಣಿವೆ, ಊಟೆಗಳು. ಮೊದಲ ನೋಟಕ್ಕೆ ನಿಮಗೆ ಊರೇ ನೆನಪಾಗುತ್ತದೆ. ಆದರೆ ಗುಡ್ಡದ ಮೇಲೆ ಸುರಿದದ್ದೆಲ್ಲ ಆ ಇಕ್ಕಟ್ಟಾದ ಕಣಿವೆಗೇ ಇಳಿಯಬೇಕು. 2018ರ ಆಗಸ್ಟ್ ಕೊನೆಯ ಒಂದು ರಾತ್ರಿಯ ಮಳೆಗೆ ಈ ಭಾಗದ ಐದು ಒಡ್ಡುಗಳು ಒಡೆದವು. ಪಕ್ಕದ ಕ್ರಾಫರ್ಡ್ ಕೌಂಟಿಯ ಸೋಲ್ಜರ್ಸ್ ಗ್ರೋವ್ ಎಂಬ ಊರಂತೂ 1978ರ ನೆರೆಯ ಬಳಿಕ ತನ್ನ ಪೇಟೆಯನ್ನೇ ಎತ್ತರದ ಜಾಗಕ್ಕೆ ಸಾಗಿಸಿತು.

ಯಾವ ಜಾಗ ನೋಡಲು ಹೋದರೂ ಕೊಟ್ಟಿಗೆಯ ಹಿಂಬದಿಯ ಹಲಗೆಗಳನ್ನು ಕೈಯಿಂದ ಸವರಿ ನೋಡಿ. ನೀರು ನಿಂತು ಇಳಿದಿದ್ದರೆ ಬಣ್ಣ ಬಳಿದರೂ ಸಂದುಗಳಲ್ಲಿ ನುಣುಪಾದ ಹೂಳು ಉಳಿದಿರುತ್ತದೆ. ನಾನು ನೋಡಿದ ಮೊದಲ ಜಾಗದಲ್ಲಿ ಆ ಗೆರೆ ನನ್ನ ಎದೆಮಟ್ಟಕ್ಕಿತ್ತು. ಮಾರುವವರು ಅದರ ಸುದ್ದಿಯನ್ನೇ ಎತ್ತಿರಲಿಲ್ಲ. ಆ ಸಿಟ್ಟು ನನಗೆ ಇನ್ನೂ ಇದೆ.

ಗುಡ್ಡದ ನೆತ್ತಿಯ ಮೇಲೆ ಹುಡುಕಿ. ಇಳಿಜಾರನ್ನು ಉಳಬೇಡಿ, ಹುಲ್ಲಿಗೆ ಬಿಡಿ. ಕೊಚ್ಚಿಹೋಗುತ್ತಿದ್ದ ಮಣ್ಣನ್ನು ಹಿಡಿದಿಡಲು ಒಂದಿಡೀ ಕಣಿವೆಯನ್ನೇ ತೆಗೆದುಕೊಂಡ ಅಮೆರಿಕದ ಮೊದಲ ಯೋಜನೆ 1933ರಲ್ಲಿ ಆರಂಭವಾದದ್ದು ಇಲ್ಲಿಯ ಕೂನ್ ವ್ಯಾಲಿಯಲ್ಲೇ; ಇಳಿಜಾರಿಗೆ ಅಡ್ಡಲಾಗಿ, ಒಂದೇ ಎತ್ತರದಲ್ಲಿ ಬೆಳೆ ಮತ್ತು ಹುಲ್ಲಿನ ಪಟ್ಟೆಗಳನ್ನು ಬಿಡುವ ಸಮಪಾತಳಿ ಪಟ್ಟೆ ಬೇಸಾಯವನ್ನು ಅಲ್ಲಿ ಮಾಡಿ ತೋರಿಸಿದರು. ಆ ಪಟ್ಟೆಗಳು ಈಗಲೂ ಕಾಣುತ್ತವೆ. ಇಲ್ಲಿನ ಸುಣ್ಣಕಲ್ಲಿನ ಬಿರುಕುಗಳ ಮೂಲಕ ಹೊಲದ ಗೊಬ್ಬರ ಬೇಗನೆ ಕೊಳವೆ ಬಾವಿಗೆ ಇಳಿಯುತ್ತದೆ. ಮುಂಗಡ ಕೊಡುವ ಮುನ್ನವೇ ನೀರಿನ ಪರೀಕ್ಷೆ ಮಾಡಿಸಿ. ನೈಟ್ರೇಟ್ (ವರದಿಯಲ್ಲಿ ‘ನೈಟ್ರೇಟ್-ನೈಟ್ರೋಜನ್’ ಎಂದಿರುವ ಅಂಕಿ) ಲೀಟರಿಗೆ 10 ಮಿಲಿಗ್ರಾಂ ಮೀರಿದ್ದರೆ ಮಕ್ಕಳಿರುವ ಮನೆಗೆ ಅದು ಬೇಡವೇ ಬೇಡ.

ಉಳಿದಂತೆ ಚಳಿಯದೇ ಲೆಕ್ಕ. ಹಸುವಿಗೆ ದಿನಕ್ಕೆ 10-12 ಕಿಲೋ ಒಣಹುಲ್ಲೆಂದರೂ ನವೆಂಬರಿನಿಂದ ಏಪ್ರಿಲ್‌ವರೆಗೆ ಎರಡು ಟನ್ ದಾಸ್ತಾನು ಬೇಕು. ಸೌದೆಯನ್ನು ಒಂದು ವರ್ಷ ಮೊದಲೇ ಸೀಳಿ ಒಣಗಿಸಿಡಬೇಕು. ಬದನೆ, ಮೆಣಸಿನ ಸಸಿಗಳನ್ನು ಮಾರ್ಚಿನಲ್ಲಿ ಮನೆಯೊಳಗೇ ಎಬ್ಬಿಸಿ ಮೇ ಕೊನೆಗೆ ನೆಡುತ್ತೇನೆ; ಚೆನ್ನಾಗಿ ಬರುತ್ತವೆ. ಊರಿನ ಅವರೆ ಮಾತ್ರ ಆಗಲಿಲ್ಲ. ಬೇಸಿಗೆಯ ಉದ್ದನೆಯ ಹಗಲಿಗೆ ಬಳ್ಳಿ ಚಪ್ಪರ ಮೀರಿ ಹಬ್ಬಿತು, ಹೂ ಬಿಟ್ಟದ್ದು ಸೆಪ್ಟೆಂಬರಿನಲ್ಲಿ. ಅಕ್ಟೋಬರಿನ ಮೊದಲ ಹಿಮಕ್ಕೆ ಕಾಯಿ ಕಟ್ಟುವ ಮೊದಲೇ ಕರಕಲಾಯಿತು. ಸೊಗಡಿನ ಆಸೆಗೆ ಎರಡು ವರ್ಷ ಕಳೆದೆ. ಈಗ ಬೀನ್ಸ್ ಹಾಕುತ್ತೇನೆ.

ಆರ್ಗಾನಿಕ್ ವ್ಯಾಲಿ ಸಹಕಾರ ಸಂಘ 1988ರಲ್ಲಿ ಹುಟ್ಟಿದ್ದು ಇದೇ ಕೌಂಟಿಯಲ್ಲಿ. ಸಣ್ಣ ಹಿಡುವಳಿಯವರಿಗೆ ಇಲ್ಲಿ ಮರ್ಯಾದೆ ಇದೆ. ಕುದುರೆಗಾಡಿಯಲ್ಲೇ ಓಡಾಡುವ, ಆಮಿಶ್ ಎಂಬ ಕ್ರೈಸ್ತ ಪಂಗಡದ ನೆರೆಯವರು ಸಾಕಷ್ಟಿದ್ದಾರೆ. ಯಾವ ಹೊಲದಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಅವರನ್ನೇ ಕೇಳಿ.

ಮಾರ್ಚಿನಲ್ಲಿ, ಹಿಮ ಕರಗಿ ದಾರಿ ಕೆಸರಾಗಿರುವಾಗ ಒಮ್ಮೆ ಬಂದು ಎರಡು ದಿನ ಇದ್ದು ನೋಡಿ. ಗುಡ್ಡದ ಮೇಲೆ ಬೇರೆ ಜಾಗ ಸಿಕ್ಕಿದರೆ ನಕ್ಷೆ ಕಳುಹಿಸಿ, ನಾನೂ ನೋಡುತ್ತೇನೆ.