ವೆಬ್‌ಸೈಟಿಗೆ ಯಾರು ಬರ್ತಾರೆ ಅಂತ ನೋಡೋಕೆ ಯಾವ ಟೂಲ್ ಹಾಕೋದು?

ನಿಮಗೆ ಏನು ಗೊತ್ತಾಗಬೇಕು ಅನ್ನೋದರ ಮೇಲೆ ಹೋಗುತ್ತದೆ. ಎಷ್ಟು ಜನ ಬಂದರು, ಎಲ್ಲಿಂದ ಬಂದರು, ಯಾವ ಪುಟ ಓದಿದರು, ಇಷ್ಟು ಸಾಕು ಅಂದರೆ ಪ್ಲಾಸಿಬಲ್ ಅಥವಾ ಉಮಾಮಿ ಹಾಕಿ. ಎರಡೂ ಕುಕೀ (ಬಂದವರ ಬ್ರೌಸರ್‌ನಲ್ಲಿ ಗುರುತಿಗೆ ಉಳಿಸುವ ಪುಟ್ಟ ಮಾಹಿತಿ) ಇಡುವುದಿಲ್ಲ, ಸೈಟಿಗೆ ಸೇರಿಸಬೇಕಾದ ಸ್ಕ್ರಿಪ್ಟ್ ಪುಟ್ಟದು, ಲೆಕ್ಕವೆಲ್ಲ ಒಂದೇ ಪುಟದಲ್ಲಿ ಸಿಗುತ್ತದೆ.

ಗೂಗಲ್ ಜಾಹೀರಾತಿಗೆ ದುಡ್ಡು ಹಾಕುತ್ತಿದ್ದರೆ ಮಾತ್ರ ಗೂಗಲ್ ಅನಾಲಿಟಿಕ್ಸ್ 4 ಕಡೆ ಹೋಗಿ. ಪುಕ್ಕಟೆ ನಿಜ, ಆದರೆ ಸುಮ್ನೆ ಒಂದು ಸಣ್ಣ ಬ್ಲಾಗಿಗೆ ಅಷ್ಟೆಲ್ಲ ಮೆನು ಯಾಕೆ ಹೇಳಿ? ಹಾಕಿದರೆ ಮೊದಲ ದಿನವೇ ಅಡ್ಮಿನ್‌ಗೆ ಹೋಗಿ ಡೇಟಾ ರಿಟೆನ್ಷನ್ (ಡೇಟಾ ಎಷ್ಟು ಕಾಲ ಉಳಿಯಬೇಕು ಅನ್ನೋ ಸೆಟ್ಟಿಂಗ್) 2 ತಿಂಗಳಿಂದ 14 ತಿಂಗಳಿಗೆ ಬದಲಾಯಿಸಿ, ಇಲ್ಲದಿದ್ದರೆ ಎಕ್ಸ್‌ಪ್ಲೋರ್ ವಿಭಾಗದಲ್ಲಿ ಹೋದ ವರ್ಷದ ಲೆಕ್ಕ ಹುಡುಕಿದಾಗ ಏನೂ ಸಿಗುವುದಿಲ್ಲ.

ಡೇಟಾ ನಮ್ಮ ಸರ್ವರ್‌ನಲ್ಲೇ ಇರಬೇಕು ಅನ್ನುವವರಿಗೆ ಮಾಟೊಮೊ ಇದೆ. ಸರ್ವರ್‌ನಲ್ಲಿ ಪಿಎಚ್‌ಪಿ (ಪ್ರೋಗ್ರಾಮಿಂಗ್ ಭಾಷೆ), ಮೈಎಸ್‌ಕ್ಯೂಎಲ್ (ಡೇಟಾಬೇಸ್) ಇದ್ದರೆ ನಡೆಯುತ್ತದೆ, ಅಪ್‌ಡೇಟ್ ಕೆಲಸ ಮಾತ್ರ ನಿಮ್ಮದೇ. ಜನ ಎಲ್ಲಿ ಕ್ಲಿಕ್ ಮಾಡುತ್ತಾರೆ, ಎಲ್ಲಿ ತಡವರಿಸುತ್ತಾರೆ ಅಂತ ಕಣ್ಣಾರೆ ನೋಡಬೇಕಾ? ಮೈಕ್ರೋಸಾಫ್ಟ್ ಕ್ಲಾರಿಟಿ, ಅದೂ ಪುಕ್ಕಟೆ.

ಯಾವುದನ್ನೇ ಹಾಕಿ, ಜೊತೆಗೆ ಗೂಗಲ್‌ನದೇ ಟೂಲ್ ಆದ ಸರ್ಚ್ ಕನ್ಸೋಲ್ ಇರಲಿ. ಜನ ಗೂಗಲ್‌ನಲ್ಲಿ ಏನಂತ ಹುಡುಕಿ ಬಂದರು ಅನ್ನೋದು ಅಲ್ಲೇ ಸಿಗುವುದು. ಎರಡು ಟೂಲ್‌ಗಳ ಲೆಕ್ಕ ತಾಳೆಯಾಗದಿದ್ದರೆ ಗಾಬರಿ ಬೇಡ, ಆಡ್ ಬ್ಲಾಕರ್ ಇದ್ದವರು ಒಂದರಲ್ಲಿ ಕಾಣುತ್ತಾರೆ, ಇನ್ನೊಂದರಲ್ಲಿ ಕಾಣುವುದಿಲ್ಲ.