ಫ್ಲಮೆಂಕೊ ಗಿಟಾರ್ ಕಲಿಯಲು ಯಾವ ಪುಸ್ತಕ, ಯಾವ ವಿಡಿಯೊ ತೆಗೆದುಕೊಳ್ಳಲಿ?

ಗಿಟಾರ್‌ನಲ್ಲಿ ಕಾರ್ಡ್‌ಗಳು ಬರುತ್ತವೆ, ಸ್ಪೇನಿನ ಫ್ಲಮೆಂಕೊ ಶೈಲಿ ಶುರು ಮಾಡಲು ಏನು ಕೊಳ್ಳಬೇಕು ಅಂತ ಕೇಳಿದ್ದೀರಿ. ನನ್ನ ಉತ್ತರ ಇಷ್ಟೇ: ಕೊಂಪಾಸ್ ಕಲಿಸದ ಯಾವುದನ್ನೂ ಕೊಳ್ಳಬೇಡಿ. ಹತ್ತು ಚಂದದ ತುಣುಕುಗಳನ್ನು ಟ್ಯಾಬ್‌ನಲ್ಲಿ (ಯಾವ ತಂತಿ, ಎಲ್ಲಿ ಒತ್ತಬೇಕು ಅಂತ ಅಂಕಿಗಳಲ್ಲಿ ತೋರಿಸುವ ಬರಹ) ಕೊಟ್ಟು ಸುಮ್ಮನಾಗುವ ಪುಸ್ತಕಗಳು ಬೇಕಾದಷ್ಟಿವೆ. ಅವುಗಳಿಂದ ಬೆರಳು ಓಡುತ್ತದೆ, ಫ್ಲಮೆಂಕೊ ಬರುವುದಿಲ್ಲ.

ಕೊಂಪಾಸ್ ಅಂದರೆ ತಾಳದ ಆವರ್ತ, ಎಲ್ಲೆಲ್ಲಿ ಒತ್ತು ಬೀಳುತ್ತದೆ ಅನ್ನುವುದೂ ಸೇರಿ. ಸೊಲೆಯಾ ಎಂಬ ಪಾಲೊವನ್ನೇ (ಪಾಲೊ ಅಂದರೆ ಫ್ಲಮೆಂಕೊದ ಒಂದು ಪ್ರಕಾರ) ತೆಗೆದುಕೊಳ್ಳಿ. 12 ಎಣಿಕೆ, ಒತ್ತು 3, 6, 8, 10, 12ರ ಮೇಲೆ. ಸಾಮಾನ್ಯವಾಗಿ ಇ ಕಾರ್ಡ್‌ನಲ್ಲಿ ಶುರುವಾಗಿ ಮೂರಕ್ಕೆ ಎಫ್‌ಗೆ ಹೋಗುತ್ತದೆ, ಹತ್ತಕ್ಕೆ ಮತ್ತೆ ಇ ಕಾರ್ಡ್‌ಗೆ ಬಂದು ನಿಲ್ಲುತ್ತದೆ. ಆ ಹತ್ತನೆಯ ಎಣಿಕೆ ಮೈಗೆ ಹತ್ತಬೇಕು. ಹಾಗಾಗಿ ಯಾವ ಪುಸ್ತಕ ಕೈಗೆ ಬಂದರೂ ಮೊದಲು ಸೊಲೆಯಾ ಇರುವ ಪುಟ ತೆರೆಯಿರಿ. ಎಣಿಕೆ ಗೊತ್ತಾಗುವ ಹಾಗೆ ಬರೆದಿದ್ದಾರಾ? ರಸ್ಗೆಯಾದೊ, ಅಂದರೆ ಬೆರಳುಗಳನ್ನು ಒಂದರ ಹಿಂದೊಂದು ತಂತಿಗಳ ಮೇಲೆ ಬೀಸಿ ನುಡಿಸುವುದು, ಬರುವಲ್ಲಿ ಯಾವ ಬೆರಳು, ಮೇಲಕ್ಕೋ ಕೆಳಕ್ಕೋ ಎಂಬ ಗುರುತಿದೆಯಾ? ಉಂಗುರದ ಬೆರಳಿನಿಂದ ಗಿಟಾರ್‌ನ ಹಲಗೆ ತಟ್ಟುವ ಗೊಲ್ಪೆಗೆ ಚಿಹ್ನೆ ಇದೆಯಾ? ಜೊತೆಗೆ ಆಡಿಯೊ ಇದೆಯಾ? ಆಡಿಯೊ ಇಲ್ಲದಿದ್ದರೆ ವಾಪಸ್ ಇಟ್ಟುಬಿಡಿ. ಫ್ಲಮೆಂಕೊ ಕಿವಿಯಿಂದ ಕಿವಿಗೆ ಬಂದ ವಿದ್ಯೆ, ಬರೀ ಕಾಗದ ಸಾಲದು.

ಹೆಸರು ಬೇಕಲ್ವಾ? ಗೆರ್ಹಾರ್ಡ್ ಗ್ರಾಫ್-ಮಾರ್ಟಿನೆಸ್ ಅವರ ಎರಡು ಸಂಪುಟಗಳ ಪಾಠಪುಸ್ತಕ ಬಲಗೈ ತಂತ್ರಕ್ಕೆ ತುಂಬಾ ಒಳ್ಳೆಯದು. ಹುವಾನ್ ಮಾರ್ಟಿನ್ ಅವರ 1978ರ ಪಾಠಪುಸ್ತಕ ಹಳೆಯದಾದರೂ ಒಂದೊಂದು ಪಾಲೊವನ್ನೂ ಪರಿಚಯಿಸುತ್ತಾ ಹೋಗುತ್ತದೆ. ಸ್ವರಲಿಪಿ, ಟ್ಯಾಬ್ ಎರಡೂ ಇವೆ. ಕೈ ನೋಡಿ ಕಲಿಯುವವರಾದರೆ ಆಸ್ಕರ್ ಎರ್ರೆರೊ ಅವರ ವಿಡಿಯೊ ಪಾಠಗಳು. ಇವುಗಳಲ್ಲಿ ಒಂದನ್ನು ಮಾತ್ರ ಆರಿಸಿ. ಮೂರನ್ನೂ ಒಟ್ಟಿಗೆ ಹಿಡಿದರೆ ಯಾವುದೂ ಮುಗಿಯುವುದಿಲ್ಲ.

ಅದರ ಜೊತೆಗೆ ಚಪ್ಪಾಳೆಯ, ಅಂದರೆ ಪಾಲ್ಮಾಸ್‌ನ, ಟ್ರ್ಯಾಕ್‌ಗಳು ಬೇಕೇ ಬೇಕು. ಬರೀ ಟಿಕ್ ಟಿಕ್ ಅನ್ನುವ ಮೆಟ್ರೊನೋಮ್ ಒತ್ತು ಎಲ್ಲಿದೆ ಅಂತ ಹೇಳುವುದಿಲ್ಲ. ಗಿಟಾರ್ ಕೆಳಗಿಟ್ಟು ನೀವೂ ಚಪ್ಪಾಳೆ ತಟ್ಟಿ. ತಪ್ಪದೆ ತಟ್ಟಲು ಬಂದ ಮೇಲೆ ತಂತಿ ಮುಟ್ಟಿ. ನಾಲ್ಕೆಣಿಕೆಯ ಪಾಲೊ ಆದ ತಾಂಗೋಸ್‌ನಿಂದ ಶುರು ಮಾಡಿ, ಆಮೇಲೆ ಸೊಲೆಯಾ. ಬುಲೆರಿಯಾಸ್ ಎಂಬ ಪಾಲೊಗೆ ಅವಸರ ಬೇಡ, ಅದರ ವೇಗ ಜಾಸ್ತಿ.

ಸ್ವಲ್ಪ ಹಿಡಿತ ಸಿಕ್ಕ ಮೇಲೆ ಎಲ್ಲರೂ ನೇರವಾಗಿ ಹೆಸರಾಂತ ಗಿಟಾರ್ ವಾದಕ ಪಾಕೊ ದೆ ಲುಸಿಯಾ ಅವರ ಟ್ಯಾಬ್‌ಗಳಿಗೆ ಹಾರುತ್ತಾರೆ. ಆ ಪಿಕಾದೊ (ಎರಡು ಬೆರಳು ಬದಲಿಸುತ್ತಾ ಒಂದೊಂದೇ ಸ್ವರ ಮೀಟುವುದು) ವೇಗಕ್ಕೆ ಕೈ ಇನ್ನೂ ತಯಾರಾಗಿರುವುದಿಲ್ಲ, ಬಿಗಿಯಾಗುತ್ತದೆ. ಅದರ ಬದಲು ಸ್ಪೇನಿನ ಮೊರೊನ್ ದೆ ಲಾ ಫ್ರೊಂತೆರಾದ ಗಿಟಾರ್ ವಾದಕ ದಿಯೆಗೊ ದೆಲ್ ಗಾಸ್ತೊರ್ ಅವರ ಫಾಲ್ಸೆತಾಗಳನ್ನು, ಅಂದರೆ ಗಿಟಾರ್‌ನ ಸಣ್ಣ ರಾಗದ ತುಣುಕುಗಳನ್ನು, ಹುಡುಕಿ. ಅಲ್ಲಿ ಹೆಬ್ಬೆರಳಿನ ಕೆಲಸವೇ ಹೆಚ್ಚು. ಒಂದು ತಂತಿ ಮೀಟಿದ ಹೆಬ್ಬೆರಳು ಪಕ್ಕದ ತಂತಿಯ ಮೇಲೆ ಬಂದು ಕೂರಬೇಕು. ಆಗಲೇ ಆ ಗಟ್ಟಿ ನಾದ ಹೊರಡುವುದು. ಸ್ವರ ಕಡಿಮೆ, ಆದರೆ ಒಂದೊಂದೂ ಕೊಂಪಾಸ್‌ಗೆ ಅಂಟಿಕೊಂಡಿರುತ್ತದೆ.

ಹಾಡುಗಾರರನ್ನೂ ದಿನಾ ಕೇಳಿ. ಕಮರೊನ್ ದೆ ಲಾ ಇಸ್ಲಾ ಹಾಡಿರುವ ಹಳೆಯ ಧ್ವನಿಮುದ್ರಣಗಳಲ್ಲಿ ಪಾಕೊ ಹಾಡಿನ ನಡುವೆ ಯಾವಾಗ ಸುಮ್ಮನಿರುತ್ತಾರೆ, ಯಾವಾಗ ಉತ್ತರ ಕೊಡುತ್ತಾರೆ ಅಂತ ಗಮನಿಸಿ. ನಾನು ಈಗಲೂ ಹೊಸ ಫಾಲ್ಸೆತಾ ಕಲಿಯುವ ಮೊದಲು ಆ ಪಾಲೊದ ಹಾಡನ್ನೇ ಕೇಳುತ್ತೇನೆ.