ನಾಯಿಮರಿಗೆ ಕೂದಲು ಉದುರುತ್ತಿದ್ದರೆ ಮೊದಲು ಚರ್ಮ ಕೆರೆಸಿ ನೋಡಿ

ಸರ್, ನಿಮ್ಮ ಏಳು ತಿಂಗಳ ಮುಧೋಳ ನಾಯಿಮರಿಯ ಫೋಟೋ ನೋಡಿದೆ. ಕಣ್ಣಿನ ಸುತ್ತ, ಮುಂಗಾಲಿನ ಮೇಲೆ ಕೂದಲು ಹೋಗಿದೆ, ಆದರೆ ಅಷ್ಟಾಗಿ ಕೆರೆದುಕೊಳ್ಳುವುದಿಲ್ಲ ಅಂತ ಬರೆದಿದ್ದೀರಿ. ಈ ಕೊನೆಯ ಮಾತೇ ಮುಖ್ಯ. ಅದಕ್ಕೂ ಮೊದಲು ಒಂದು ವಿಷಯ. ನಿಮ್ಮ ಪ್ರಶ್ನೆಗೆ ಉತ್ತರ ಬರೆದ ಒಬ್ಬರು ಗಾಡಿಯ ಹಳೇ ಎಂಜಿನ್ ಆಯಿಲ್ ಹಚ್ಚಿ ಅಂದಿದ್ದಾರೆ. ದಯವಿಟ್ಟು ಹಚ್ಚಬೇಡಿ. ನಾಯಿ ಮೈ ನೆಕ್ಕದೆ ಇರುವುದಿಲ್ಲ, ಆ ವಿಷವೆಲ್ಲ ಹೊಟ್ಟೆಗೆ ಹೋಗುತ್ತದೆ.

ಈ ವಯಸ್ಸಿನಲ್ಲಿ, ತುರಿಕೆ ಇಲ್ಲದೆ, ಮುಖ ಮತ್ತು ಮುಂಗಾಲಲ್ಲಿ ಕೂದಲು ಹೋದರೆ ನನ್ನ ಮೊದಲ ಅನುಮಾನ ಡೆಮೊಡೆಕ್ಸ್ ನುಸಿಯ ಮೇಲೆ. ಇದು ಕಣ್ಣಿಗೆ ಕಾಣುವುದಿಲ್ಲ, ಕೂದಲಿನ ಬುಡದಲ್ಲಿ ಇರುತ್ತದೆ. ಹುಟ್ಟಿದ ಮೊದಲ ಕೆಲವು ದಿನ ಹಾಲು ಕುಡಿಯುವಾಗ ತಾಯಿಯಿಂದಲೇ ಬರುತ್ತದೆ. ಆರೋಗ್ಯವಾಗಿರುವ ನಾಯಿಗಳಲ್ಲೂ ಒಂದಷ್ಟು ಇದ್ದೇ ಇರುತ್ತದೆ, ತೊಂದರೆ ಕೊಡುವುದಿಲ್ಲ. ರೋಗ ತಡೆಯುವ ಶಕ್ತಿ ಇನ್ನೂ ಬಲಿಯದ ಮರಿಗಳಲ್ಲಿ ಜಾಸ್ತಿಯಾಗುತ್ತದೆ. ಹೊಟ್ಟೆಹುಳ ಇದ್ದು, ಸರಿಯಾದ ಊಟ ಇಲ್ಲದೆ ಸೊರಗಿದ ಮರಿಗಳಲ್ಲಿ ಇನ್ನೂ ಬೇಗ. ಮೂರ್ನಾಲ್ಕು ಕಡೆ ಮಾತ್ರ ಇದ್ದರೆ ಎಷ್ಟೋ ಸಲ ತಾನಾಗಿಯೇ ಒಂದೆರಡು ತಿಂಗಳಲ್ಲಿ ವಾಸಿಯಾಗುತ್ತದೆ. ಮೈಯೆಲ್ಲ ಹರಡಿದರೆ, ಪಾದ ಊದಿ ಕೀವು ಕಟ್ಟಿದರೆ ಚಿಕಿತ್ಸೆ ಬೇಕೇ ಬೇಕು. ಮನೆಯವರಿಗೆ ಇದು ಅಂಟುವುದಿಲ್ಲ.

ಆದರೆ ಫೋಟೋ ನೋಡಿ ಇದೇ ಅಂತ ಯಾರೂ ಹೇಳಲಾಗದು. ಚರ್ಮ ಕೆರೆದು ನೋಡಬೇಕು. ಡಾಕ್ಟರು ಆ ಜಾಗವನ್ನು ಬೆರಳಲ್ಲಿ ಹಿಂಡಿ, ಎಣ್ಣೆ ಹಚ್ಚಿದ ಬ್ಲೇಡಿನಿಂದ ರಕ್ತದ ಸಣ್ಣ ಚುಕ್ಕೆ ಕಾಣುವ ತನಕ ಕೆರೆಯುತ್ತಾರೆ. ಹಿಂಡದಿದ್ದರೆ ಒಳಗಿನ ನುಸಿ ಮೇಲೆ ಬರುವುದಿಲ್ಲ. ಮೈಕ್ರೋಸ್ಕೋಪಿನಲ್ಲಿ ಉದ್ದನೆ ಬೀಡಿಯಂಥ ಮೈ, ಮುಂದಿನ ಭಾಗದಲ್ಲಿ ಮೊಂಡು ಕಾಲುಗಳು ಕಾಣುತ್ತವೆ. ಹತ್ತೇ ನಿಮಿಷದ ಕೆಲಸ. ನಿಮ್ಮ ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಮೈಕ್ರೋಸ್ಕೋಪ್ ಇದೆಯಾ ಕೇಳಿ. ಇಲ್ಲದಿದ್ದರೆ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್, ಗದಗ, ಇದರಲ್ಲಿ ಹತ್ತಿರದ ಪಶುವೈದ್ಯಕೀಯ ಕಾಲೇಜಿಗೆ ಕರೆದುಕೊಂಡು ಹೋಗಿ.

ಪರೀಕ್ಷೆ ಆಗುವ ತನಕ ಸ್ಟಿರಾಯ್ಡ್ ಇಂಜೆಕ್ಷನ್ ಬೇಡ ಅಂತ ಕೇಳಿಕೊಳ್ಳಿ. ಅದು ರೋಗ ತಡೆಯುವ ಶಕ್ತಿಯನ್ನು ಕುಗ್ಗಿಸುತ್ತದೆ, ನುಸಿ ಇದ್ದರೆ ಮೈತುಂಬ ಹಬ್ಬುತ್ತದೆ. ಮೊದಲೆರಡು ದಿನ ವಾಸಿಯಾದ ಹಾಗೆ ಕಂಡು, ಆಮೇಲೆ ಕೆಡುವುದು ಹೀಗೇ. ದನಕ್ಕೆ ತಂದ ಹುಳದ ಔಷಧಿ ಐವರ್ಮೆಕ್ಟಿನ್ ಅನ್ನು ಅಂದಾಜಿನಲ್ಲಿ ಚುಚ್ಚುವುದೂ ಬೇಡ. ಕಾಲಿ (Collie) ಎಂಬ ಕುರಿ ಕಾಯುವ ವಿದೇಶಿ ಜಾತಿಯ ನಾಯಿಗಳಿಗೆ ಅದು ಪ್ರಾಣಕ್ಕೇ ಕುತ್ತು, ಬೇರೆ ಮರಿಗಳಲ್ಲೂ ಲೆಕ್ಕ ತಪ್ಪಿದರೆ ಅಪಾಯ. ಈಗ ತೂಕಕ್ಕೆ ತಕ್ಕ ಹಾಗೆ ಕೊಡುವ, ಅಗಿಯುವ ಮಾತ್ರೆಗಳು ಬಂದಿವೆ. ರಕ್ತ ಹೀರುವ ಉಣ್ಣೆ ಹುಳಕ್ಕೆ ಅಂತ ಕೊಡುವ ಫ್ಲುರಾಲನರ್, ಅಫಾಕ್ಸೊಲನರ್ ಈ ನುಸಿಗೂ ಚೆನ್ನಾಗಿ ಕೆಲಸ ಮಾಡುತ್ತವೆ. ಮರಿಗೆ ಹಿಂದೆ ಫಿಟ್ಸ್ ಬಂದಿದ್ದರೆ ಮಾತ್ರ ಡಾಕ್ಟರಿಗೆ ಮೊದಲೇ ಹೇಳಿ.

ವಿಪರೀತ ಕೆರೆತ ಶುರುವಾಗಿ, ಕಿವಿಯ ಅಂಚು, ಮೊಣಕೈಯಲ್ಲಿ ಹುರುಕು ಕಟ್ಟಿದರೆ ಅದು ಬೇರೆ ಕಜ್ಜಿ, ಸಾರ್ಕಾಪ್ಟಿಸ್ ಎಂಬ ಇನ್ನೊಂದು ನುಸಿಯಿಂದ ಬರುವಂಥದ್ದು. ಕಿವಿಯ ಅಂಚನ್ನು ಮಡಚಿ ಉಜ್ಜಿ ನೋಡಿ, ಹಿಂಗಾಲು ತಾನಾಗಿ ಕೆರೆಯಲು ಏಳುತ್ತದೆ. ಇದು ಬೇರೆ ನಾಯಿಗಳಿಗೆ ಹರಡುತ್ತದೆ, ಮನೆಯವರಿಗೂ ಸ್ವಲ್ಪ ದಿನ ತುರಿಕೆ ಬರುತ್ತದೆ. ಬಾಲದ ಬುಡದಲ್ಲೇ ಕೂದಲು ಹೋದರೆ ಚಿಗಟ ಹುಡುಕಿ. ಬಾಚಿದಾಗ ಬಿದ್ದ ಕಪ್ಪು ಪುಡಿಯನ್ನು ಒದ್ದೆ ಬಿಳಿ ಬಟ್ಟೆ ಮೇಲೆ ಇಡಿ, ಕೆಂಪಗೆ ಹರಡಿದರೆ ಅದು ಚಿಗಟದ ಹಿಕ್ಕೆ. ದುಂಡಗೆ, ಅಂಚಿನಲ್ಲಿ ಹೊಟ್ಟು ಏಳುತ್ತಿದ್ದರೆ ಹುಳುಕಡ್ಡಿ ಇರಬಹುದು. ಮಕ್ಕಳಿಗೆ ಬೇಗ ಅಂಟುತ್ತದೆ, ಹಾಗಾಗಿ ಗೊತ್ತಾಗುವ ತನಕ ಮರಿಯನ್ನು ಎತ್ತಿಕೊಳ್ಳದಂತೆ ನೋಡಿಕೊಳ್ಳಿ. ಥೈರಾಯ್ಡ್ ಬಗ್ಗೆ ಕೇಳಿದ್ದಿರಿ, ಅದು ಸಾಮಾನ್ಯವಾಗಿ ವಯಸ್ಸಾದ ಮೇಲೆ ಬರುವಂಥದ್ದು, ಸದ್ಯಕ್ಕೆ ಬಿಡಿ.

ಡೆಮೊಡೆಕ್ಸ್ ಅಂತ ಆದರೆ, ಕೂದಲು ಬಂತು ಅಂತ ಔಷಧಿ ನಿಲ್ಲಿಸಬೇಡಿ. ತಿಂಗಳ ಅಂತರದಲ್ಲಿ ಎರಡು ಸಲ ಕೆರೆದು, ಎರಡೂ ಸಲ ನುಸಿ ಸಿಗದಿದ್ದ ಮೇಲೆ ನಿಲ್ಲಿಸಿ. ಮೈಯೆಲ್ಲ ಹರಡಿದ್ದೇ ಆಗಿದ್ದರೆ ಮುಂದೆ ಈ ನಾಯಿಯನ್ನು ಕ್ರಾಸ್ ಮಾಡಿಸಬೇಡಿ, ವಂಶದಲ್ಲಿ ಇಳಿಯುತ್ತದೆ. ಮರಿ ಕೊಟ್ಟವರಿಗೂ ಒಂದು ಮಾತು ತಿಳಿಸಿ.